ಯಾರ್ಕ್‌ನ ಗಲ್ಲಿ, ಲಿಂಕನ್‌ನ ನಲ್ಲಿ

ಇಂಗ್ಲೆಂಡಿಗೆ ಹೋದವರೆಲ್ಲ ಅರಮನೆ ನೋಡಿ ಬರ್ತಾರೆ, ಇವಳು ನೂರು ವರ್ಷದ ಹಿಂದಿನ ಕಕ್ಕಸು, ಚರಂಡಿ ಹುಡುಕಿಕೊಂಡು ಹೋದಳು ಎಂದು ನಮ್ಮನೆಯವರು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಹೇಳಲಿ ಬಿಡಿ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿರಿಯ ಆರೋಗ್ಯ ಸಹಾಯಕಿಯಾಗಿ ರಿಟೈರ್ ಆದವಳು. ಎಲ್‌ಎಚ್‌ವಿ (ಲೇಡಿ ಹೆಲ್ತ್ ವಿಸಿಟರ್) ಅಂದರೆ ಹಳಬರಿಗೆ ಬೇಗ ಗೊತ್ತಾಗುತ್ತದೆ. ಮನೆಮನೆಗೆ ಹೋಗಿ ಬಾಣಂತಿ, ಮಗು, ಕುಡಿಯುವ ನೀರು ನೋಡುವ ಈ ಕೆಲಸ ಶುರುವಾಗಿದ್ದೇ ಇಂಗ್ಲೆಂಡಿನ ಮ್ಯಾಂಚೆಸ್ಟರ್, ಸಾಲ್ಫರ್ಡ್ ಕೊಳೆಗೇರಿಗಳಲ್ಲಿ, 1862ರಲ್ಲಿ. ಹಾಗಾಗಿ ಮಗಳು ಲೀಡ್ಸ್‌ಗೆ ಕರೆಸಿಕೊಂಡಾಗ ನನಗೆ ಲಂಡನ್ನಿನ ಆಸೆ ಅಷ್ಟೇನೂ ಇರಲಿಲ್ಲ. ಏಳನೇ ಎಡ್ವರ್ಡ್ ರಾಜನ ಕಾಲದಲ್ಲಿ, ಅಂದರೆ 1901ರಿಂದ 1910ರವರೆಗೆ, ಅಲ್ಲಿನ ಸಾಧಾರಣ ಊರೊಂದರಲ್ಲಿ ಜನ ಯಾವುದರಿಂದ ಸಾಯುತ್ತಿದ್ದರು ಅನ್ನೋದನ್ನು ಊರಿನೊಳಗೇ ನಿಂತು ನೋಡಬೇಕಿತ್ತು. ಯಾರ್ಕ್ ಹತ್ತಿರ. ಲಿಂಕನ್ ಸ್ವಲ್ಪ ದೂರ. ಎರಡನ್ನೂ ಸೇರಿಸಿಕೊಂಡೆವು.

ಸೋಮವಾರ: ಯಾರ್ಕ್, ಕೋಟೆ ಗೋಡೆಯ ಹೊರಗೆ

ಲೀಡ್ಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸು. ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಊರಿನ ಕೋಟೆ ಗೋಡೆ. ಮಾರ್ಚ್ ಕೊನೆ ಆಗಿದ್ದರಿಂದ ಗೋಡೆಯ ಇಳಿಜಾರಿನ ತುಂಬ ಹಳದಿ ಡ್ಯಾಫೊಡಿಲ್. ಎಲ್ಲರೂ ಅದರ ಫೋಟೋ ತೆಗೆಯುತ್ತಿದ್ದರು. ಅದೇ ರಸ್ತೆ ಬದಿಯಲ್ಲಿ ಒಂದು ಸಣ್ಣ ಹುಲ್ಲಿನ ಜಾಗವಿದೆ. ಅಲ್ಲಿ ಇಪ್ಪತ್ತರಷ್ಟು ಗೋರಿಕಲ್ಲುಗಳು ಅಡ್ಡಾದಿಡ್ಡಿ ನಿಂತಿವೆ. 1832ರ ಕಾಲರಾದಲ್ಲಿ ಯಾರ್ಕ್‌ನಲ್ಲಿ ಸತ್ತವರು 185 ಜನ. ಅವರನ್ನು ಊರೊಳಗೆ ಹೂಳುವುದು ಬೇಡವೆಂದು ಗೋಡೆಯ ಹೊರಗೆ ಈ ಜಾಗ ಕೊಟ್ಟರು. ಈಗ ಒಂದು ಕಡೆ ಬಸ್ಸು, ಇನ್ನೊಂದು ಕಡೆ ಹೋಟೆಲು. ಸೂಟ್‌ಕೇಸ್ ಎಳೆದುಕೊಂಡು ಹೋಗುವವರು ಯಾರೂ ತಿರುಗಿ ನೋಡುವುದಿಲ್ಲ. ಯಾರ್ಕ್‌ಗೆ ಹೋದರೆ ಲಗೇಜ್ ರೂಮಿಗೆ ಸಾಗಿಸುವ ಮೊದಲೇ ಇದನ್ನು ನೋಡಿಬಿಡಿ. ಆಮೇಲೆ ಈ ಕಡೆ ಬರುವುದು ಊರು ಬಿಡುವಾಗಲೇ.

ಆ ವರ್ಷ ಇದೇ ಊರಿನ ಬಡ ಕುಟುಂಬದ ಹುಡುಗನೊಬ್ಬ ನ್ಯೂಕ್ಯಾಸಲ್ ಕಡೆ ವೈದ್ಯರ ಹತ್ತಿರ ಕೆಲಸ ಕಲಿಯುತ್ತಾ, ಗಣಿ ಕಾರ್ಮಿಕರ ಕಾಲರಾ ನೋಡುತ್ತಿದ್ದ. ಹೆಸರು ಜಾನ್ ಸ್ನೋ. 1854ರಲ್ಲಿ ಕಾಲರಾ ಹರಡುತ್ತಿದ್ದ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಪಂಪಿನ ಹಿಡಿ ತೆಗೆಸಿದ ಅದೇ ಸ್ನೋ. ನಮ್ಮ ಟ್ರೈನಿಂಗ್‌ನಲ್ಲಿ ಮೊದಲ ಪಾಠವೇ ಅವನದು. ಅವನು ಹುಟ್ಟಿದ ನಾರ್ತ್ ಸ್ಟ್ರೀಟಿನಲ್ಲಿ, ಊಸ್ ನದಿಯ ದಡಕ್ಕೆ ಹತ್ತಿರದಲ್ಲಿ, ಹಿಡಿ ಇಲ್ಲದ ಒಂದು ಪಂಪನ್ನು ನೆನಪಿಗೆ ನಿಲ್ಲಿಸಿದ್ದಾರೆ. ನಾನು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ನಮ್ಮನೆಯವರಿಗೆ ತಿರುಪತಿಯಲ್ಲಿ ಕೂಡ ನಾನು ಇಷ್ಟು ಶ್ರದ್ಧೆಯಿಂದ ನಿಂತಿದ್ದು ನೆನಪಿಲ್ಲವಂತೆ.

ಮಧ್ಯಾಹ್ನ ಹಸಿವು. ಬಿಸಿ ಚಿಪ್ಸ್ ವಾಸನೆ ಎಲ್ಲ ಕಡೆ. ನಮ್ಮಂಥ ಸಸ್ಯಾಹಾರಿಗಳು ಯಾರ್ಕ್‌ಷೈರ್‌ನಲ್ಲಿ ಒಂದು ಮಾತು ಕೇಳಿಯೇ ಕೊಳ್ಳಬೇಕು. ಇಲ್ಲಿನ ಎಷ್ಟೋ ಅಂಗಡಿಗಳಲ್ಲಿ ಆಲೂಗಡ್ಡೆ ಕರಿಯುವುದು ದನದ ಕೊಬ್ಬಿನಲ್ಲಿ. ಮಗಳು ಮೊದಲೇ ಹೇಳಿದ್ದಳು. ಎರಡು ಅಂಗಡಿ ಬಿಟ್ಟು ಮೂರನೆಯದರಲ್ಲಿ ಎಣ್ಣೆ ಅಂದರು. ಅದಕ್ಕೆ ನಮ್ಮ ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಕೌಂಟರಿನ ಹುಡುಗ ಒಂದು ಚಿಟಿಕೆ ಕೇಳಿ ಇಸಿದುಕೊಂಡ, ತಿಂದ, ಕಣ್ಣಲ್ಲಿ ನೀರು.

ಸಂಜೆ ನದಿ ಏರಿತ್ತು. ಮೇಲಿನ ಬೆಟ್ಟಗಳಲ್ಲಿ ಮಳೆ ಬಿದ್ದರೆ ಊಸ್ ಸುಮ್ಮನಿರುವುದಿಲ್ಲವಂತೆ. ದಡದ ಕಲ್ಲುಹಾಸು ಮುಳುಗಿ, ಬೆಂಚುಗಳ ಬೆನ್ನು ಮಾತ್ರ ಕಾಣುತ್ತಿತ್ತು. ಹತ್ತಿರ ಹೋಗಬೇಡಿ ಎಂದರೂ ಇವರು ಹೋದರು. ಒಂದು ದೋಣಿ ಹಾದು ಹೋಯ್ತು, ಅಲೆ ಬಂತು, ಶೂ ಎರಡೂ ತೊಪ್ಪೆ. ಇಳಿದುಕೊಂಡ ಮನೆಯ ಯಜಮಾನಿ ಅದರೊಳಗೆ ಹಳೆ ಪೇಪರ್ ತುರುಕಿ ರೇಡಿಯೇಟರ್ ಪಕ್ಕ ಇಟ್ಟಳು. "ಈ ಊರಿನ ನೆಲಮಾಳಿಗೆಗಳಿಗೆಲ್ಲ ಈ ನದಿ ಬಾಡಿಗೆ ಕೊಡದ ಬಾಡಿಗೆದಾರ" ಅಂದಳು. ಬೆಳಿಗ್ಗೆ ಶೂ ಒಣಗಿತ್ತು.

ಮಂಗಳವಾರ: ಲೈಬ್ರರಿ, ಆಮೇಲೆ ಹಂಗೇಟ್

ಬೆಳಿಗ್ಗೆಯಿಂದ ಸಣ್ಣ ಮಳೆ, ಗಾಳಿ. ಸೇತುವೆ ಮೇಲೆ ಛತ್ರಿ ಮಗುಚಿಕೊಂಡು ಎರಡು ಕಡ್ಡಿ ಮುರಿಯಿತು. ಅಲ್ಲಿ ಛತ್ರಿಗಿಂತ ಟೋಪಿ ಇರುವ ಜಾಕೆಟ್ ಒಳ್ಳೆಯದು.

ಊರಿನ ಲೈಬ್ರರಿಯ ಮೇಲಿನ ಮಹಡಿಯಲ್ಲಿ ಹಳೆಯ ದಾಖಲೆಗಳಿವೆ. ನಗರದ ಆರೋಗ್ಯಾಧಿಕಾರಿಯ ವಾರ್ಷಿಕ ವರದಿಗಳು ಬೇಕು ಅಂದೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಮುಂಚೆಯೇ ತಿಳಿಸಿ ಹೋದರೆ ಬೇಗ ತೆಗೆದಿಡುತ್ತಾರೆ. ಅಲ್ಲಿದ್ದ ಹುಡುಗಿ "ಕುಟುಂಬದ ಹಿರಿಯರನ್ನು ಹುಡುಕುತ್ತಿದ್ದೀರಾ?" ಎಂದು ಕೇಳಿದಳು. ಇಲ್ಲಮ್ಮ, ಭೇದಿ ಹುಡುಕುತ್ತಿದ್ದೇನೆ ಅಂದೆ. ಒಂದು ಕ್ಷಣ ಸುಮ್ಮನಿದ್ದು, ನಕ್ಕು, ಪುಸ್ತಕ ತಂದಳು.

ಆ ಪಟ್ಟಿ ನೋಡಿದ ಕೂಡಲೇ ನನಗೆ ನಮ್ಮ ಕಚೇರಿಯ ತಿಂಗಳ ವರದಿಯೇ ಕಣ್ಣ ಮುಂದೆ ಬಂತು. ಎಡಗಡೆ ಸಾವಿನ ಕಾರಣ, ಮೇಲ್ಗಡೆ ವಯಸ್ಸು. ಒಂದು ವರ್ಷದ ಒಳಗೆ, ಒಂದರಿಂದ ಐದು, ಹೀಗೆ 65 ದಾಟಿದವರ ತನಕ. ಕಣ್ಣು ತಾನಾಗಿ ಮೊದಲ ಕಾಲಂಗೆ ಹೋಗುತ್ತದೆ, ಅಲ್ಲೇ ನಿಲ್ಲುತ್ತದೆ. ಭೇದಿ, ನ್ಯುಮೋನಿಯಾ, ಬ್ರಾಂಕೈಟಿಸ್, ನಾಯಿಕೆಮ್ಮು, ದಡಾರ, ಅವಧಿಗೆ ಮುಂಚಿನ ಹೆರಿಗೆ. ದೊಡ್ಡವರ ಸಾಲಿನಲ್ಲಿ ಕ್ಷಯ, ಎದೆಯ ಕಾಯಿಲೆ, ಹೃದಯ. ಊರೆಲ್ಲ ಹೆದರುತ್ತಿದ್ದದ್ದು ಸಿಡುಬಿಗೆ, ಕೆಂಪು ಜ್ವರಕ್ಕೆ (ಸ್ಕಾರ್ಲೆಟ್ ಫೀವರ್). ಆದರೆ ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬರೀ ದಡಾರಕ್ಕೇ ವರ್ಷಕ್ಕೆ ಹತ್ತು ಸಾವಿರದ ಆಸುಪಾಸು ಸಾಯುತ್ತಿದ್ದರು, ಹೆಚ್ಚಿನವರು ಪುಟ್ಟ ಮಕ್ಕಳು. ದಡಾರ ಯಾರಿಗೆ ಬರಲ್ಲ ಎಂದು ಜನ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಆ ಕಾಲದ ಸಾವಿನ ಕಾರಣಗಳಲ್ಲಿ ಇನ್ನೊಂದು ಇತ್ತು: ಹಲ್ಲು ಬರುವುದು. ಸುಮಾರು ಆರು ತಿಂಗಳಿಗೆ ಹಲ್ಲು ಮೂಡುವ ಹೊತ್ತಿಗೇ ಮಗು ತಾಯಿಯ ಹಾಲಿನ ಜತೆ ಬೇರೆ ಆಹಾರ ಶುರು ಮಾಡುತ್ತದೆ, ನೆಲಕ್ಕೆ ಬಿದ್ದದ್ದೆಲ್ಲ ಬಾಯಿಗೆ ಹಾಕುತ್ತದೆ, ಭೇದಿ ಹಿಡಿಯುತ್ತದೆ. ಹೊರಗೆ ಕಾಣುವುದು ಹಲ್ಲು, ಹೆಸರು ಅದಕ್ಕೇ. ನಾನು ಸರ್ವಿಸ್ ಪೂರ್ತಿ ಹಳ್ಳಿ ಹಳ್ಳಿಯಲ್ಲಿ ಕೇಳಿದ ಮಾತೂ ಅದೇ ಅಲ್ವಾ? "ಹಲ್ಲು ಬರ್ತಾ ಅದೆ ಸಿಸ್ಟರ್, ಅದಕ್ಕೇ ಭೇದಿ, ಓಆರ್‌ಎಸ್ ಯಾಕೆ?"

ಯಾರ್ಕ್‌ನ ಬಡತನದ ಲೆಕ್ಕ ಹಾಕಿದವನು ಚಾಕೊಲೇಟ್ ಕಾರ್ಖಾನೆಯ ಮನೆತನದ ಸೀಬೋಮ್ ರೌನ್‌ಟ್ರೀ. 1899ರಲ್ಲಿ ಅವನಿಗೆ 28 ವರ್ಷ. ಊರಿನ ಕೂಲಿಕಾರ ಕುಟುಂಬಗಳನ್ನು ಒಂದೂ ಬಿಡದೆ ಮನೆಮನೆ ಸರ್ವೆ ಮಾಡಿಸಿದ. 11,560 ಕುಟುಂಬ, 46,754 ಜನ. ಟ್ಯಾಬ್ಲೆಟ್ ಕಂಪ್ಯೂಟರ್ ಕೊಟ್ಟು ಸರ್ವೆ ಮಾಡಿ ಅಂದರೂ ಗೊಣಗುವ ಕಾಲದಲ್ಲಿ ಕೆಲಸ ಮಾಡಿದ ನನಗೆ ಇದೊಂದು ದೊಡ್ಡ ವಿಷಯ. ಬಂದ ಫಲಿತಾಂಶ: ಊರಿನ ಶೇ. 27.84 ಜನ ಬಡತನದಲ್ಲಿದ್ದಾರೆ. ಅದರಲ್ಲೂ ದುಡಿದದ್ದನ್ನೆಲ್ಲ ಹೊಟ್ಟೆಗೇ ಹಾಕಿದರೂ ಸಾಲದ ಕಡುಬಡವರು ಶೇ. 9.91. ಕುಡಿತ, ಸೋಮಾರಿತನ ಎಂದು ಹೇಳುತ್ತಿದ್ದವರಿಗೆ ಅವನು ತೋರಿಸಿದ್ದು ಬೇರೆಯೇ. ಆ ಕಡುಬಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮನೆಯಲ್ಲಿ ಗಂಡಸು ದಿನವೂ ಕೆಲಸಕ್ಕೆ ಹೋಗುತ್ತಿದ್ದ. ಕೂಲಿಯೇ ಕಮ್ಮಿ. ಗಂಡ ಹೆಂಡತಿ ಮೂರು ಮಕ್ಕಳ ಸಂಸಾರ ಬದುಕಿ ಉಳಿಯಲು ವಾರಕ್ಕೆ 21 ಷಿಲಿಂಗ್ 8 ಪೆನ್ಸ್ ಬೇಕಿತ್ತು. ಯಾರ್ಕ್‌ನಲ್ಲಿ ಕೂಲಿಯವನಿಗೆ ಸಿಗುತ್ತಿದ್ದದ್ದು 18ರಿಂದ 21 ಷಿಲಿಂಗ್. ಆ 21 ಷಿಲಿಂಗ್ 8 ಪೆನ್ಸ್ ಎಂಥದ್ದು ಗೊತ್ತಾ? ಬಸ್ಸು ಹತ್ತುವಂತಿಲ್ಲ, ಊರಿಗೆ ಕಾಗದ ಬರೆದರೆ ಅಂಚೆಗೆ ದುಡ್ಡಿಲ್ಲ, ಪೇಪರ್ ಇಲ್ಲ, ಬೀಡಿ ಹೆಂಡ ಇಲ್ಲ, ಮಕ್ಕಳಿಗೆ ಒಂದು ಗೊಂಬೆ ಇಲ್ಲ.

ಸಾವು ಯಾವ ಬೀದಿಗೆ ಎಷ್ಟು ಎಂಬುದನ್ನೂ ಅವನು ಬಿಡಿಸಿಟ್ಟ. ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು ಕಡುಬಡವರ ಬೀದಿಗಳಲ್ಲಿ 247. ಸ್ವಲ್ಪ ಅನುಕೂಲದ ಕೂಲಿಕಾರರಲ್ಲಿ 173. ಮನೆಯಲ್ಲಿ ಆಳು ಇಟ್ಟುಕೊಂಡವರಲ್ಲಿ 94. ಉಳಿದು ಬೆಳೆದ ಮಕ್ಕಳಲ್ಲೂ ವ್ಯತ್ಯಾಸ ಹೋಗಲಿಲ್ಲ. ಹದಿಮೂರು ವರ್ಷದ ಬಡ ಹುಡುಗರು ಅನುಕೂಲಸ್ಥ ಕೂಲಿಕಾರರ ಹುಡುಗರಿಗಿಂತ ಮೂರೂವರೆ ಅಂಗುಲ ಕುಳ್ಳು.

ಮಧ್ಯಾಹ್ನದ ಮೇಲೆ ಆ ಬೀದಿಗಳನ್ನೇ ಹುಡುಕಿಕೊಂಡು ಹೊರಟೆವು. ಪ್ರವಾಸಿಗರು ತುಂಬಿದ ಷಾಂಬಲ್ಸ್ ಗಲ್ಲಿಯಿಂದ ಐದಾರು ನಿಮಿಷ ನಡೆದರೆ ಹಂಗೇಟ್. ಫಾಸ್ ಎಂಬ ಸಣ್ಣ ನದಿಯ ದಡ. ಈಗ ಸಾಲು ಸಾಲು ಹೊಸ ಅಪಾರ್ಟ್‌ಮೆಂಟ್, ಬಾಲ್ಕನಿಯಲ್ಲಿ ಸೈಕಲ್. ಆಗ ಇಲ್ಲಿ ಕಸಾಯಿಖಾನೆ, ಹಿಟ್ಟಿನ ಗಿರಣಿ, ಒಂದಕ್ಕೊಂದು ಅಂಟಿಕೊಂಡ ಪುಟ್ಟ ಮನೆಗಳು. ಹಲವು ಮನೆಗೆ ಸೇರಿ ಅಂಗಳದಲ್ಲಿ ಒಂದು ನಲ್ಲಿ, ಕೊಳಚೆ ಚೆಲ್ಲುವ ಜಾಲರಿಯೂ ಎಷ್ಟೋ ಕಡೆ ಆ ನಲ್ಲಿಯ ಕೆಳಗೇ. ಕಕ್ಕಸು ಅಂದರೆ ಇಟ್ಟಿಗೆಯ ಗುಂಡಿ. ಒಲೆಯ ಬೂದಿಯನ್ನೂ ಅದಕ್ಕೇ ಸುರಿಯುವುದು, ತುಂಬಿದ ಮೇಲೆ ಆಳುಗಳು ಬಂದು ಸಲಿಕೆಯಲ್ಲಿ ಬಾಚಿ ಗಾಡಿಗೆ ಹಾಕುವುದು. ಬೇಸಿಗೆ ಬಂದರೆ ನೊಣ. ಗುಂಡಿಯ ನೊಣ ಹಾಲಿನ ಪಾತ್ರೆಗೆ. ಒಂದನೇ ಕಾಲಂನ ಭೇದಿಗೆ ಇದಕ್ಕಿಂತ ಜಾಸ್ತಿ ವಿವರಣೆ ಬೇಕಿಲ್ಲ. 1911ರ ಬಿರುಬೇಸಿಗೆಯಲ್ಲಿ ಇಡೀ ದೇಶದ ಶಿಶುಮರಣ ಸಾವಿರಕ್ಕೆ ಹಿಂದಿನ ವರ್ಷದ 105ರಿಂದ 130ಕ್ಕೆ ಏರಿತು.

ಹಳೆಯ ಗಿರಣಿ ಕಟ್ಟಡ ಇನ್ನೂ ನೀರಿನ ಅಂಚಿನಲ್ಲಿ ನಿಂತಿದೆ, ಒಳಗೆ ಫ್ಲ್ಯಾಟುಗಳು. ಅಲ್ಲಿ ನಾಯಿ ಹಿಡಿದುಕೊಂಡು ನಿಂತಿದ್ದ ವಯಸ್ಸಾದವರೊಬ್ಬರು ನಾವು ಹಳೆ ಮ್ಯಾಪ್ ಬಿಡಿಸಿದ್ದು ನೋಡಿ ಮಾತಿಗೆ ಬಂದರು. ಅವರ ಅಜ್ಜಿ ಹುಟ್ಟಿದ್ದು ಹಂಗೇಟ್‌ನಲ್ಲಂತೆ. "ನನ್ನಜ್ಜಿ ಬಾಗಿಲ ಮೆಟ್ಟಿಲು ದಿನಾ ಉಜ್ಜಿ ತೊಳೀತಿದ್ದಳು. ಕೊಳೆಗೇರಿ ಅನ್ನೋ ಮಾತು ಕೇಳಿದ್ರೆ ಸಿಟ್ಟು ಬರ್ತಿತ್ತು. ಗಲೀಜು ನಮ್ಮದಲ್ಲ, ಮನೆ ಮಾಲೀಕಂದು ಅಂತಿದ್ದಳು" ಅಂದರು. ಅಜ್ಜಿಯ ಜತೆ ಹುಟ್ಟಿದವರಲ್ಲಿ ಎಷ್ಟು ಜನ ಉಳಿದರು ಎಂದು ಕೇಳಿದೆ. ಕೆಲಸದ ಚಾಳಿ, ಬಿಡುವುದಿಲ್ಲ. "ಅಜ್ಜಿ ಉಳಿದವರ ಹೆಸರು ಮಾತ್ರ ಹೇಳ್ತಿದ್ದಳು" ಎಂದು ನಾಯಿಯನ್ನು ಎಳೆದುಕೊಂಡು ಹೊರಟರು.

ಊರಿನ ಆರೋಗ್ಯಾಧಿಕಾರಿ ಎಡ್ಮಂಡ್ ಸ್ಮಿತ್ 1908ರಲ್ಲೇ ಹಂಗೇಟ್ ಬಗ್ಗೆ ವಿಶೇಷ ವರದಿ ಬರೆದಿದ್ದ. ಮನೆಗಳನ್ನು ಕೆಡವಿ ಜನರನ್ನು ಬೇರೆ ಕಡೆಗೆ ಕಳಿಸಿದ್ದು 1930ರ ದಶಕದಲ್ಲಿ. ಈ ಎರಡು ಇಸವಿಗಳನ್ನು ನೋಟ್‌ಬುಕ್ಕಿನಲ್ಲಿ ಪಕ್ಕಪಕ್ಕ ಬರೆದುಕೊಂಡೆ. ಲಿಂಕನ್‌ಗೆ ಹೋದಾಗ ಬೇಕಾಯ್ತು.

ಬುಧವಾರ: ಒಂದು ಬಾಟಲಿ, ಎರಡು ಹಣ್ಣಿನ ಗಿಡ

ಬೆಳಿಗ್ಗೆ ವಾಮ್‌ಗೇಟ್ ಕಡೆ ಹೋದೆವು. ಅದೂ ಆಗ ಬಡವರ ಬೀದಿಯೇ. ದಾರಿಯಲ್ಲಿ ಹಳೆ ಸಾಮಾನಿನ ಅಂಗಡಿ ಸಿಕ್ಕಿತು. ಇವರು ಗಡಿಯಾರ ನೋಡುತ್ತಿದ್ದರು. ಕಪಾಟಿನಲ್ಲಿ ನನಗೆ ಕಂಡಿದ್ದು ಆಮೆಯ ಆಕಾರದ ಚಪ್ಪಟೆ ಗಾಜಿನ ಬಾಟಲಿ. ಅಂಗಡಿಯವರು ಔಷಧಿ ಬಾಟಲಿ ಎಂದು ಚೀಟಿ ಅಂಟಿಸಿದ್ದರು. ಅಲ್ಲ, ಮಗುವಿಗೆ ಹಾಲು ಕುಡಿಸುವುದು ಅಂದೆ. ಕೈಗೆ ತೆಗೆದುಕೊಂಡು ನೋಡಿದೆ. ಬಾಯಿ ಎಷ್ಟು ಸಣ್ಣದೆಂದರೆ ನನ್ನ ಕಿರುಬೆರಳು ಗೆಣ್ಣಿನ ತನಕವೂ ಇಳಿಯಲಿಲ್ಲ. ಒಳಗಿನ ಮೂಲೆಯಲ್ಲಿ ಕಂದು ಕಲೆ. ಇದಕ್ಕೆ ಉದ್ದನೆಯ ರಬ್ಬರ್ ನಳಿಗೆ ಇರುತ್ತಿತ್ತು, ತುದಿಗೆ ತೊಟ್ಟು. ಬಾಟಲಿ ಪಕ್ಕದಲ್ಲಿಟ್ಟರೆ ಮಗು ಮಲಗಿದ್ದಲ್ಲೇ ಚೀಪಿಕೊಳ್ಳುತ್ತದೆ. ಕೂಲಿಗೆ ಹೋಗುವ ತಾಯಿಗೆ ಎಂಥ ಅನುಕೂಲ! ಆದರೆ ಆ ನಳಿಗೆ ತೊಳೆಯಲು ಬರುವುದಿಲ್ಲ. ಹಾಲು ಒಳಗೇ ಹುಳಿತು, ಕೊಳೆತು, ಮುಂದಿನ ಹಾಲಿಗೆ ಬೆರೆಯುತ್ತದೆ. ಡಾಕ್ಟರುಗಳು ಇದನ್ನು ಕೊಲೆಗಡುಕ ಬಾಟಲಿ ಎಂದು ಬೈದರೂ ಎಡ್ವರ್ಡ್ ಕಾಲದಲ್ಲೂ ಮಾರಾಟ ನಿಲ್ಲಲಿಲ್ಲ. ಅದರೊಳಗೆ ಹಾಕುತ್ತಿದ್ದದ್ದು ಎಷ್ಟೋ ಸಲ ಕೆನೆ ತೆಗೆದ ಡಬ್ಬಿ ಹಾಲು. ಸಕ್ಕರೆ ಇದೆ, ಜಿಡ್ಡಿಲ್ಲ. ಅಗ್ಗ.

ಅಂಗಡಿಯವರು ಚೀಟಿ ಕಿತ್ತು ಹೊಸದು ಬರೆದರು. ಬೆಲೆಯನ್ನೂ ಐದು ಪೌಂಡ್ ಏರಿಸಿದರು!

ಇದನ್ನೆಲ್ಲ ಆಗ ಯಾರೂ ನೋಡಲೇ ಇಲ್ಲ ಅಂತಲ್ಲ. ಸೇಂಟ್ ಹೆಲೆನ್ಸ್ ಊರಿನವರು 1899ರಲ್ಲೇ ಶಿಶುಗಳಿಗೆ ಶುದ್ಧ ಹಾಲಿನ ಡಿಪೊ ತೆರೆದಿದ್ದರು. ಇದೇ ಯಾರ್ಕ್‌ಷೈರ್‌ನ ಹಡರ್ಸ್‌ಫೀಲ್ಡ್‌ನಲ್ಲಿ ಮೇಯರ್ ಬೆಂಜಮಿನ್ ಬ್ರಾಡ್‌ಬೆಂಟ್ ತನ್ನ ಅಧಿಕಾರದ ಅವಧಿಯಲ್ಲಿ ಲಾಂಗ್‌ವುಡ್ ಎಂಬ ಭಾಗದಲ್ಲಿ ಹುಟ್ಟಿದ ಪ್ರತಿ ಮಗುವೂ ವರ್ಷ ತುಂಬಿಸಿದರೆ ಒಂದು ಪೌಂಡ್ ಕೊಡುವೆನೆಂದ. ಜತೆಗೆ ಮಹಿಳಾ ಸಿಬ್ಬಂದಿ ಮನೆಮನೆಗೆ ಹೋಗಿ ತಾಯಂದಿರಿಗೆ ಹೇಳಿಕೊಟ್ಟರು. ಮಗು ಹುಟ್ಟಿದ್ದು ಬೇಗ ಗೊತ್ತಾದರೆ ತಾನೆ ಹೋಗುವುದು? ಅದಕ್ಕೇ 1907ರಲ್ಲಿ ಜನನವನ್ನು ಬೇಗ ತಿಳಿಸುವ ಕಾನೂನು ಬಂತು. ನಮ್ಮ ತಾಯಿ ಕಾರ್ಡಿನ ಮುತ್ತಜ್ಜಿ ಇವೆಲ್ಲ. ಆದರೂ ನನಗೆ ಒಂದು ತಕರಾರಿದೆ. ತಾಯಿಗೆ ಬುದ್ಧಿ ಹೇಳುವುದು ಸುಲಭ, ಅಗ್ಗ. ಗುಂಡಿ ಮುಚ್ಚಿಸಿ ನೀರು ಹಾಕುವ ಕಕ್ಕಸು ಕಟ್ಟಿಸುವುದು ಕಷ್ಟ. ನಾವೂ ಸರ್ವಿಸಿನಲ್ಲಿ ಅದನ್ನೇ ಮಾಡಿದೆವು. ಕೈ ತೊಳೀರಿ ಅಂತ ಹೇಳಿ ಬಂದೆವು, ನೀರು ವಾರಕ್ಕೊಂದು ಸಲ ಬರುವ ಊರುಗಳಲ್ಲಿ.

ಮಧ್ಯಾಹ್ನ ಒಂದನೇ ನಂಬರ್ ಬಸ್ ಹಿಡಿದು ನ್ಯೂ ಇಯರ್ಸ್ವಿಕ್‌ಗೆ ಹೋದೆವು. ಯಾರ್ಕ್‌ಗೆ ಹೋದವರು ಇಲ್ಲಿಗೆ ಬರುವುದೇ ಇಲ್ಲ. ಸೀಬೋಮ್‌ನ ಅಪ್ಪ ಜೋಸೆಫ್ ರೌನ್‌ಟ್ರೀ ಜಮೀನು ಕೊಂಡು, ರೇಮಂಡ್ ಅನ್ವಿನ್, ಬ್ಯಾರಿ ಪಾರ್ಕರ್ ಎಂಬ ಇಬ್ಬರಿಂದ ನಕ್ಷೆ ಮಾಡಿಸಿ 1902ರಿಂದ ಕಟ್ಟಿಸಿದ ಹಳ್ಳಿ. ಮಗ ಲೆಕ್ಕ ಕೊಟ್ಟ, ಅಪ್ಪ ಮನೆ ಕಟ್ಟಿಸಿದ. ಕಾರ್ಖಾನೆಯವರಿಗೆ ಮಾತ್ರ ಎಂಬ ಕಟ್ಟಳೆ ಇರಲಿಲ್ಲ. ಕೂರುವ ಕೋಣೆಗೆ ಬಿಸಿಲು ಬೀಳುವ ಹಾಗೆ ಮನೆಗಳನ್ನು ತಿರುಗಿಸಿದ್ದಾರೆ. ಹಿಂದೆ ತೋಟ, ಪ್ರತಿ ತೋಟಕ್ಕೆ ಎರಡು ಹಣ್ಣಿನ ಗಿಡ. ರಸ್ತೆಗಳಿಗೂ ಮರಗಳ ಹೆಸರೇ.

ಒಂದು ಬೇಲಿಯ ಬಳಿ ಹೆಂಗಸೊಬ್ಬರು ಗಿಡ ಕತ್ತರಿಸುತ್ತಿದ್ದರು. ಸೇಬಾ ಎಂದು ಕೇಳಿದ್ದೇ ಸಾಕು, ಒಳಗೆ ಕರೆದು ಚಹಾ ಕೊಟ್ಟರು. ಹಾಲು ಮೊದಲು ಹಾಕಬೇಕೋ ಆಮೇಲೆ ಹಾಕಬೇಕೋ ಎಂದು ಅವರಿಗೂ ನಮ್ಮನೆಯವರಿಗೂ ಗಂಭೀರ ಚರ್ಚೆ. ಮೊದಲು ಹಾಲು ಸಕ್ಕರೆ ನೀರು ಎಲ್ಲ ಒಟ್ಟಿಗೆ ಕುದಿಸಬೇಕು ಅಂತ ಇವರು ಹೇಳಿದ ಮೇಲೆ ಆ ತಾಯಿಗೆ ಉತ್ತರ ಹೊಳೆಯಲಿಲ್ಲ. ಅಲ್ಲಿಯ ಮರ ಹಳೆಯದಲ್ಲ, ಸತ್ತದ್ದರ ಜಾಗದಲ್ಲಿ ನೆಟ್ಟಿದ್ದಂತೆ. 1907ರ ಸಮುದಾಯ ಭವನ, ಫೋಕ್ ಹಾಲ್, ಇನ್ನೂ ಇದೆ. ಅಲ್ಲೇ ಕಾಫಿ, ಕೇಕ್ ಸಿಗುತ್ತದೆ. ಪೇಟೆಯ ಬೆಲೆಗಿಂತ ಕಮ್ಮಿ.

ಗುರುವಾರ: ಲಿಂಕನ್, ಕೆಳಗಿನಿಂದ ಮೇಲಕ್ಕೆ

ಯಾರ್ಕ್‌ನಿಂದ ಲಿಂಕನ್‌ಗೆ ಡಾನ್‌ಕಾಸ್ಟರ್‌ನಲ್ಲಿ ರೈಲು ಬದಲಿಸಬೇಕಿತ್ತು. ಬದಲಿಸುವ ರೈಲೇ ರದ್ದಾಯ್ತು. ಪ್ಲಾಟ್‌ಫಾರಂನಲ್ಲಿ ಗಡಗಡ ನಡುಗುತ್ತಾ ಅವಲಕ್ಕಿ ಪೊಟ್ಟಣ ಬಿಚ್ಚಿದೆವು. ಮಧ್ಯಾಹ್ನ ಆಯ್ತು ಲಿಂಕನ್ ಮುಟ್ಟುವಾಗ. ಈ ದಾರಿಯಲ್ಲಿ ಹೋಗುವವರು ಬೆಳಗಿನ ರೈಲನ್ನೇ ಹಿಡಿಯಿರಿ, ಒಂದು ತಪ್ಪಿದರೆ ಮುಂದಿನದಕ್ಕೆ ತುಂಬ ಹೊತ್ತು ಕಾಯಬೇಕು.

ಲಿಂಕನ್ ಅಂದರೆ ಎರಡು ಊರು. ಕೆಳಗೆ ವಿದಮ್ ನದಿ, ಕಾರ್ಖಾನೆ, ಕೂಲಿಕಾರರ ಬೀದಿಗಳು. ಮೇಲೆ ಗುಡ್ಡದ ತಲೆಗೆ ಕೋಟೆ, ಕ್ಯಾಥೀಡ್ರಲ್, ದೊಡ್ಡವರ ಮನೆಗಳು. ಮೊದಲು ಕೆಳಗಿನ ಬ್ರಾಡ್‌ಗೇಟ್ ರಸ್ತೆಯ ಡ್ರಿಲ್ ಹಾಲ್ ನೋಡಿದೆವು. ಇಟ್ಟಿಗೆ, ಕಲ್ಲಿನ ಕಟ್ಟಡ. ಮುಂದುಗಡೆ ಕೋಟೆಯ ಹಾಗೆ ಹಲ್ಲು ಹಲ್ಲು ಅಂಚು. 1890ರಲ್ಲಿ ಸ್ವಯಂಸೇವಕ ಸೈನಿಕರ ಕವಾಯತಿಗೆಂದು ಕಟ್ಟಿದ್ದು. ಈಗ ನಾಟಕ, ಸಂಗೀತ ನಡೆಯುತ್ತದೆ. 1905ರಲ್ಲಿ ಇಲ್ಲಿ ಸಾಲಾಗಿ ಮಂಚ ಹಾಕಿದ್ದರು. ಊರಿನ ಆಸ್ಪತ್ರೆಗಳು ತುಂಬಿ ಹೋಗಿದ್ದವು. ಟೈಫಾಯಿಡ್.

1904-05ರ ಚಳಿಗಾಲ. ಊರಿನ ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಕಾಯಿಲೆ ಬಿದ್ದವರು ಸಾವಿರಕ್ಕೂ ಹೆಚ್ಚು, ಸತ್ತವರು ನೂರಕ್ಕೂ ಹೆಚ್ಚು. ಕಾರಣ ನಲ್ಲಿ ನೀರು. ನದಿಯಿಂದಲೂ ಊರ ಹೊರಗಿನ ಕೆರೆಯಿಂದಲೂ ನೀರು ತಂದು ಬೋಲ್ಟಮ್ ಎಂಬಲ್ಲಿ ಮರಳಿನಲ್ಲಿ ಸೋಸಿ ಬಿಡುತ್ತಿದ್ದರು. ಕೊಳೆ ಸೇರಿದ ನೀರನ್ನು ಮರಳು ತಡೆಯಲಿಲ್ಲ. ಕಾಲರಾದ ಹಾಗೆ ಒಂದೇ ದಿನದಲ್ಲಿ ಹೊಡೆಯುವ ಕಾಯಿಲೆ ಅಲ್ಲ ಇದು. ಕುಡಿದು ಒಂದೆರಡು ವಾರದ ಮೇಲೆ ಜ್ವರ, ಆಮೇಲೆ ವಾರಗಟ್ಟಲೆ ಜ್ವರ. ಕರುಳು ತೂತಾದರೆ ಮುಗಿಯಿತು. ಆಗ ಇದಕ್ಕೆ ಮಾತ್ರೆ ಇಲ್ಲ. ಆರೈಕೆಯೇ ಔಷಧಿ. ಗಾಡಿಯಲ್ಲಿ ಬೇರೆ ಕಡೆಯ ನೀರು ತಂದು ಹಂಚಿದರು. ಜನ ಬಕೆಟ್ ಹಿಡಿದು ಸಾಲು ನಿಂತರು.

ಆಗ ಬಂದವನು ಡಾಕ್ಟರ್ ಅಲೆಕ್ಸಾಂಡರ್ ಹೂಸ್ಟನ್. 1905ರ ಫೆಬ್ರುವರಿಯಲ್ಲಿ ಆತ ನೀರಿಗೆ ಕ್ಲೋರಿನ್ ಇರುವ ದ್ರಾವಣವನ್ನು ತೊಟ್ಟಿಕ್ಕಿಸಲು ಶುರು ಮಾಡಿದ. ಹತ್ತು ಲಕ್ಷ ಪಾಲು ನೀರಿಗೆ ಸುಮಾರು ಒಂದು ಪಾಲು. ಒಂದು ಸಲ ಸುರಿದು ಬಿಡುವುದಲ್ಲ, ಹಗಲೂ ರಾತ್ರಿ ಬಿಡದೆ. ಅದಕ್ಕೂ ಮೊದಲು 1897ರಲ್ಲಿ ಮೇಡ್‌ಸ್ಟನ್ ಎಂಬ ಊರಿನಲ್ಲಿ ಟೈಫಾಯಿಡ್ ಬಂದಾಗ ಪೈಪುಗಳನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದಿದ್ದರು. ಆದರೆ ಊರಿಗೆ ಊರೇ ಕುಡಿಯುವ ನೀರಿಗೆ ದಿನವೂ ಕ್ಲೋರಿನ್ ಹಾಕಿದ್ದು ಬ್ರಿಟನ್ನಿನಲ್ಲಿ ಲಿಂಕನ್ನೇ ಮೊದಲು. ಅಮೆರಿಕದ ಜರ್ಸಿ ಸಿಟಿ ಶುರು ಮಾಡಿದ್ದು 1908ರಲ್ಲಿ.

ಇದನ್ನು ಓದಿದಾಗಿನಿಂದ ನನಗೆ ಲಿಂಕನ್ ನೋಡಬೇಕೆಂಬ ಹಟ. ಸರ್ವಿಸಿನಲ್ಲಿ ಎಷ್ಟು ಬಾವಿ, ಎಷ್ಟು ಓವರ್‌ಹೆಡ್ ಟ್ಯಾಂಕು! ಬ್ಲೀಚಿಂಗ್ ಪೌಡರ್ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯುವ ತನಕ ಕಾದು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಬೇಕು. ಅರ್ಧ ಗಂಟೆಯ ಮೇಲೆ ಸಣ್ಣ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಕ್ಲೋರಿನ್ ಇದೆಯೇ ಎಂದು ತೋರಿಸುವ ಓಟಿ ದ್ರಾವಣದ ಹನಿ ಹಾಕಿದರೆ ತಿಳಿ ಹಳದಿ ಬರಬೇಕು. ಬರಲಿಲ್ಲವೆಂದರೆ ಚೀಲ ಬಿಚ್ಚಿ ಎಷ್ಟು ದಿನ ಆಯ್ತು ಎಂದು ನೀರುಗಂಟಿಯನ್ನು ಕೇಳಬೇಕು. ಹಳದಿ ಬಂದರೆ ಊರಿನವರು ಬೈಯುತ್ತಾರೆ. ನೀರು ವಾಸನೆ, ಚಹಾ ಕೆಟ್ಟಿತು. ಲಿಂಕನ್‌ನವರೂ ರುಚಿ, ವಾಸನೆಯ ಬಗ್ಗೆ ಹೂಸ್ಟನ್‌ಗೆ ದೂರು ಕೊಟ್ಟಿದ್ದರು. ಈ ದೂರು ಜ್ವರ ನಿಂತ ಮೇಲೆ ಜೋರಾಗುತ್ತದೆ. ಅದು ಎಲ್ಲ ಊರಲ್ಲೂ ಒಂದೇ.

ಸ್ಟೀಪ್ ಹಿಲ್ ಹತ್ತಿದೆವು. ಹೆಸರಿಗೆ ತಕ್ಕ ಹಾಗೆ ಮಂಡಿ ಪರೀಕ್ಷೆ. ಮಧ್ಯೆ ಕೈಹಿಡಿ ಕಂಬಿ ಇದೆ, ಹಿಡಿದುಕೊಂಡೇ ಹತ್ತಿ. ಅರ್ಧ ದಾರಿಯ ಬೇಕರಿಯಲ್ಲಿ ಪ್ಲಮ್ ಬ್ರೆಡ್ ಕೇಳಿದರೆ, ಹಳೆ ಪದ್ಧತಿಯಲ್ಲಿ ಹಂದಿ ಕೊಬ್ಬು ಬೀಳುತ್ತದೆ, ಇವತ್ತು ಬೆಣ್ಣೆಯದು ಇಲ್ಲ ಎಂದು ಆಕೆಯೇ ಮೊದಲು ಹೇಳಿದಳು. ಒಳ್ಳೆಯ ಹೆಂಗಸು. ಚೀಸ್ ಸ್ಕೋನ್ ತಿಂದೆವು.

ಗುಡ್ಡದ ಮೇಲೆ ಕ್ಯಾಥೀಡ್ರಲ್ ಹಿಂದೆ ಬಿಟ್ಟು ವೆಸ್ಟ್‌ಗೇಟ್ ಕಡೆ ನಡೆದರೆ ಒಂದು ಭಾರೀ ಕಲ್ಲಿನ ಗೋಪುರ. ಕೋಟೆಯ ಬುರುಜು ಅಂದುಕೊಂಡು ಜನ ಹಾದು ಹೋಗುತ್ತಾ ಇರುತ್ತಾರೆ. ಅದು ನೀರಿನ ಟ್ಯಾಂಕು! 1911ರದು. ನಕ್ಷೆ ರೆಜಿನಾಲ್ಡ್ ಬ್ಲೋಮ್‌ಫೀಲ್ಡ್‌ದು. ಜ್ವರ ಬಂದ ಮೇಲೆ ಊರಿನವರಿಗೆ ನದಿ ನೀರೇ ಬೇಡವಾಯ್ತು. ಬೋಲ್ಟಮ್‌ನಲ್ಲಿ ಸಾವಿರ ಅಡಿಗೂ ಆಳಕ್ಕೆ ಬೋರ್ ಕೊರೆದಿದ್ದರು, ಬಂದ ನೀರು ಉಪ್ಪು. ಕೊನೆಗೆ ಪಕ್ಕದ ನಾಟಿಂಗ್‌ಹ್ಯಾಮ್‌ಷೈರ್‌ನ ಎಲ್ಕ್ಸ್‌ಲಿಯಲ್ಲಿ ಒಳ್ಳೆಯ ನೀರು ಸಿಕ್ಕಿತು. ಅಲ್ಲಿಂದ 22 ಮೈಲಿ ಪೈಪು ಎಳೆದು 1911ರಲ್ಲಿ ನೀರು ತಂದೇಬಿಟ್ಟರು.

ಗೋಪುರದ ಎದುರಿನ ಕಟ್ಟೆಯಲ್ಲಿ ಕೂತು ನೋಟ್‌ಬುಕ್ ತೆಗೆದೆ. ಲಿಂಕನ್ 1905, 1911. ಯಾರ್ಕ್‌ನ ಹಂಗೇಟ್ 1908, 1930ರ ದಶಕ. ಲಿಂಕನ್‌ನ ಜ್ವರ ನಲ್ಲಿಯಲ್ಲಿ ಬಂತು, ಪೇಪರಿನಲ್ಲಿ ಬಂತು, ಯಾರ ಮನೆಗೆ ಬೇಕಾದರೂ ನುಗ್ಗಬಹುದಿತ್ತು. ಆರೇ ವರ್ಷದಲ್ಲಿ 22 ಮೈಲಿ ಪೈಪಿಗೆ ದುಡ್ಡು ಹುಟ್ಟಿತು. ಯಾರ್ಕ್‌ನ ಭೇದಿ ಪ್ರತಿ ಬೇಸಿಗೆಯಲ್ಲೂ ಅದೇ ಗಲ್ಲಿಗಳ ಶಿಶುಗಳನ್ನೇ ಒಯ್ಯುತ್ತಿತ್ತು. ಹೊಸ ಸುದ್ದಿ ಏನೂ ಇಲ್ಲ ಅದರಲ್ಲಿ. ಇಪ್ಪತ್ತು ವರ್ಷ ದಾಟಿದರೂ ಮನೆಗಳು ಹಾಗೇ ನಿಂತಿದ್ದವು. ನಡುವೆ ಮಹಾಯುದ್ಧ ಬಂತು ಅನ್ನಬಹುದು. ನನಗೆ ಅಷ್ಟೇ ಕಾರಣ ಅನ್ನಿಸುವುದಿಲ್ಲ. ನಮ್ಮಲ್ಲೂ ಅಷ್ಟೇ, ಗ್ಯಾಸ್ಟ್ರೊ (ವಾಂತಿಭೇದಿ) ಕೇಸು ಹತ್ತು ಬಂದರೆ ಊರಿಗೆ ಮೂರು ಜೀಪು ಬರುತ್ತಿದ್ದವು. ವರ್ಷವಿಡೀ ಒಂದೊಂದಾಗಿ ಸಾಯುವ ಮಕ್ಕಳಿಗೆ ಫಾರಂ ತುಂಬಲು ನಾನೊಬ್ಬಳೇ ಹೋಗುತ್ತಿದ್ದೆ.

ಇವರಿಗೆ ಇದನ್ನು ಹೇಳಿದೆ. "ಬಿಸಿಲಿದೆ, ಸ್ವಲ್ಪ ಹೊತ್ತು ಕೂರು" ಅಂದರು.

ಶುಕ್ರವಾರ: ಹಾರ್ಟ್ಸ್‌ಹೋಮ್ ಕೆರೆ

ವಾಪಸ್ ಹೊರಡುವ ಮೊದಲು ಆ ಕೆರೆ ನೋಡದೆ ಹೋಗುವುದು ಹೇಗೆ? ಪೇಟೆಯಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತು, ಆಮೇಲೆ ನಡಿಗೆ. ಊರಿಗೆ ನೀರು ಕೊಡಲು ಮಾಡಿದ ಕೆರೆ ಈಗ ದೊಡ್ಡ ಉದ್ಯಾನದ ನಡುವೆ ಇದೆ. ದಡದ ಸುತ್ತ ಕೆಸರು ದಾರಿ. ಮಳೆ ಬಂದ ಮರುದಿನ ಹೋಗುವವರು ಒಳ್ಳೆಯ ಶೂ ಹಾಕಿಕೊಂಡು ಹೋಗಬೇಕು. ಬಾತುಕೋಳಿ, ಹೆಬ್ಬಾತು ಹಿಂಡು ಹಿಂಡಾಗಿ ದಾರಿಗೇ ಅಡ್ಡ ಬರುತ್ತವೆ. ಒಂದು ಹೆಬ್ಬಾತು ನಮ್ಮನೆಯವರ ಕೈಚೀಲದಲ್ಲಿದ್ದ ಕೋಡುಬಳೆಗೆ ಬಾಯಿ ಹಾಕಿತು. ಇವರು ಓಡಿದರು, ಅದೂ ಬೆನ್ನಟ್ಟಿತು. ಶಾಲೆಯ ಮಕ್ಕಳ ಗುಂಪೊಂದು ನಿಂತು ಚಪ್ಪಾಳೆ ಹೊಡೆಯಿತು.

ಆ ಮಕ್ಕಳ ಟೀಚರ್ ಹತ್ತಿರ ಮಾತಿಗೆ ನಿಂತೆ. ಈ ಕೆರೆಯ ನೀರನ್ನು ಊರು ಕುಡಿಯುತ್ತಿತ್ತು ಅಂದರೆ ಮಕ್ಕಳು ನಂಬುವುದಿಲ್ಲವಂತೆ. ಒಬ್ಬ ಹುಡುಗ ಹಸಿರು ಅಂಚನ್ನೂ ಬಾತುಕೋಳಿ ಹಿಕ್ಕೆಯನ್ನೂ ತೋರಿಸಿ "ಇದನ್ನಾ?" ಎಂದು ಕೇಳಿದ. ಸೋಸಿ ಕುಡಿಯುತ್ತಿದ್ದರು ಅಂದೆ. "ಸರಿಯಾಗಿ ಸೋಸಲಿಲ್ವಾ?" ಅಂದ. ಅವನಿಗೆ ಹೂಸ್ಟನ್ ಕಥೆ ಹೇಳಿದೆ. ನನ್ನ ಇಂಗ್ಲಿಷು ಅವನಿಗೆ ಎಷ್ಟು ಅರ್ಥವಾಯಿತೋ, ಕೊನೆಗೆ ಸ್ವಿಮ್ಮಿಂಗ್ ಪೂಲ್ ವಾಸನೆ ಎಂದು ಮೂಗು ಮುಚ್ಚಿ ತೋರಿಸಿದ. ಅಷ್ಟು ಗೊತ್ತಾದರೆ ಸಾಕು.

ಉದ್ಯಾನದ ಕೆಫೆಯಲ್ಲಿ ಎರಡು ಲೋಟ ನಲ್ಲಿ ನೀರು ಕೇಳಿದೆ. ಇಂಗ್ಲೆಂಡಿನ ಹೋಟೆಲುಗಳಲ್ಲಿ ನಲ್ಲಿ ನೀರು ಎಂದು ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಬಾಟಲಿ ತಂದಿಟ್ಟು ಬಿಲ್ಲಿಗೆ ಸೇರಿಸಿಬಿಡುತ್ತಾರೆ. ಮೂಗಿನ ಹತ್ತಿರ ಹಿಡಿದೆ. ಇತ್ತು, ಸಣ್ಣಗೆ. ಇವರು ಒಂದು ಗುಟುಕು ಕುಡಿದು, ಇದಕ್ಕಿಂತ ನಮ್ಮೂರ ಬೋರ್ ನೀರೇ ರುಚಿ ಎಂದು ಲೋಟ ನನ್ನ ಕಡೆ ತಳ್ಳಿದರು. ಬೋರ್ ನೀರಿನ ಫ್ಲೋರೈಡ್ ಬಗ್ಗೆ ನಾನು ಶುರು ಮಾಡುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು ಎಂದು ಎದ್ದೇಬಿಟ್ಟರು. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಎರಡೂ ಲೋಟ ನಾನೇ ಕುಡಿದು ಹೊರಟೆ.